ಜೊತೆಗೆ ಹೋಗುವವರಿಗಾಗಿ: ಬುಡಕಟ್ಟು ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಿಳಿಯಲು, ತಡೆಯಲು, ಎದುರಿಸಲು

ಏಟು ತಿಂದ ಹೆಣ್ಣುಮಗಳು ನಮ್ಮ ಕಡೆ ಒಬ್ಬಳೇ ಠಾಣೆಗೆ ಹೋಗುವುದು ಕಡಿಮೆ. ಹೋದರೂ ಬಾಗಿಲ ಬಳಿಯ ಬೆಂಚಿನ ಮೇಲೆ ಸಂಜೆತನಕ ಕುಂತು, "ಸಾಹೇಬ್ರು ಬಂದೋಬಸ್ತಿಗೆ ಹೋಗ್ಯಾರ, ನಾಳಿ ಬಾ" ಅನ್ನಿಸಿಕೊಂಡು ವಾಪಸು ಬರುತ್ತಾಳೆ. ನಾಳೆ ಎಂಬುದು ಬರುವುದರೊಳಗೆ ಊರ ದೈವ, ಅಂದರೆ ಹಿರಿಯರ ಪಂಚಾಯಿತಿ, ಕೂಡಿರುತ್ತದೆ, ರಾಜಿಯ ಮಾತು ನಡೆದಿರುತ್ತದೆ, ಮೈಮೇಲಿನ ಸೀರೆ ಒಗೆದು ಒಣಗಿರುತ್ತದೆ. ಹದಿನಾಲ್ಕು ವರ್ಷ ಸಿಂಧನೂರು, ಮಾನ್ವಿ, ಗಂಗಾವತಿ ಸುತ್ತ ಹೀಗೆ ಹೆಣ್ಣುಮಕ್ಕಳ ಜೊತೆ ಓಡಾಡಿದ ಮೇಲೆ ನನಗೆ ಖಾತ್ರಿಯಾದ ಮಾತು ಒಂದೇ: ಕೇಸು ನಿಲ್ಲುವುದೂ ಬೀಳುವುದೂ ಮೊದಲ ದಿನ ಜೊತೆಗೆ ಯಾರು ಹೋದರು ಎಂಬುದರ ಮೇಲೆ. ಅದಕ್ಕೇ ಈ ಬರಹ ಜೊತೆಗೆ ಹೋಗುವವರಿಗೆ. ನೀವು ಆಶಾ ಆಗಿರಬಹುದು, ಅಂಗನವಾಡಿ ಟೀಚರ್, ಸಂಘದ ಅಕ್ಕ, ಡಿಗ್ರಿ ಓದುವ ತಮ್ಮ, ಪಕ್ಕದ ಮನೆಯ ಚಿಗವ್ವ, ಯಾರೇ ಆಗಿರಬಹುದು.

ಯಾರ ಮಾತು ಆಡುತ್ತಿದ್ದೇವೆ

'ಆದಿವಾಸಿ ಮಹಿಳೆ' ಅಂದ ಕೂಡಲೇ ಬೆಂಗಳೂರಿನವರ ಕಣ್ಣಿಗೆ ಕಾಡು, ಹಾಡಿ ಬರುತ್ತವೆ. ನಮ್ಮಲ್ಲಿ ಕಾಡಿಲ್ಲ. ಇರುವುದು ಹತ್ತಿ ಹೊಲ, ಭತ್ತದ ಗದ್ದೆ, ಸಂಡೂರಿನ ಕೆಂಪು ಧೂಳು. 2011ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರು ನೂರಕ್ಕೆ ಸುಮಾರು 7 ಮಂದಿ. ರಾಯಚೂರು ಜಿಲ್ಲೆಯಲ್ಲಿ 19, ವಿಜಯನಗರ ಬೇರೆಯಾಗುವ ಮೊದಲಿನ ಬಳ್ಳಾರಿಯಲ್ಲಿ 18, ಕೊಪ್ಪಳದಲ್ಲಿ ಸುಮಾರು 12. ಬಹುಪಾಲು ನಾಯಕರು. ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ, ಪರಿವಾರ, ತಳವಾರ ಎಂಬವು 2020ರಲ್ಲಿ ಆ ಪಟ್ಟಿಗೆ ಸೇರಿದವು. ಬುಟ್ಟಿ ಹೆಣೆಯುವ ಮೇದಾರರೂ ಪರಿಶಿಷ್ಟ ಪಂಗಡವೇ. ತಾಂಡಾದ ಲಂಬಾಣಿಗರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ. ಮುಂದೆ ಹೇಳುವ ದೌರ್ಜನ್ಯ ತಡೆ ಕಾಯ್ದೆ ಎರಡೂ ಪಟ್ಟಿಯವರಿಗೆ ಒಂದೇ ಸಮ, ಹಾಗಾಗಿ ಆ ಗೊಂದಲ ಬೇಡ.

ರಾಯಚೂರು ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಪರಿಶಿಷ್ಟ ಪಂಗಡಕ್ಕೆ ಮೀಸಲು: ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ. "ಇಷ್ಟು ಮಂದಿ ಇದ್ದೀರಿ, ಶಾಸಕರೂ ನಿಮ್ಮವರೇ, ನಿಮಗೇನು ಅಂಜಿಕೆ" ಎಂದು ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದುಂಟು. ಶಾಸಕರ ಕುಲ ಯಾವುದಾದರೇನು, ಬೆಳಿಗ್ಗೆ ಆರಕ್ಕೆ ನಾಟಿಗೆ ಟಂಟಂ ಗಾಡಿ ಹತ್ತುವ ಹೆಂಗಸಿನ ಕೂಲಿ ಕೊಡುವವನು ಬೇರೆಯವನು. ಮನೆಯೊಳಗೆ ಹೊಡೆಯುವವನಂತೂ ಅವಳ ಕುಲದವನೇ. ಈ ಎರಡು ಹಿಂಸೆಗೆ ಕಾನೂನಿನಲ್ಲಿ ಎರಡು ಬೇರೆ ದಾರಿ. ಅದು ಗೊತ್ತಿಲ್ಲದೆ ಹೋದರೆ ಮೊದಲ ಮೆಟ್ಟಿಲಲ್ಲೇ ಎಡವುತ್ತೇವೆ.

ಹೆಜ್ಜೆ 1: ನಡೆದದ್ದನ್ನು ಗುರುತಿಸಿ

ಹೆಣ್ಣುಮಕ್ಕಳು 'ದೌರ್ಜನ್ಯ' ಎಂಬ ಪದವನ್ನೇ ಆಡುವುದಿಲ್ಲ. "ಕೂಲಿ ಹಿಡದಾನ" ಅನ್ನುತ್ತಾರೆ. ಕೇಳುತ್ತಾ ಹೋದರೆ, ಮೇಸ್ತ್ರಿ ಕೂಲಿ ಹಿಡಿದದ್ದು ಅವನು ಕರೆದಲ್ಲಿಗೆ ಇವಳು ಹೋಗಲಿಲ್ಲ ಅಂತ. "ಫೋನಿನಾಗ ಏನೋ ಐತಂತ ಅಂಜಸ್ತಾನ" ಅನ್ನುತ್ತಾರೆ; ಅದು ಸ್ನಾನ ಮಾಡುವಾಗ ತೆಗೆದ ವಿಡಿಯೋ. "ಗೃಹಲಕ್ಷ್ಮಿ ರೊಕ್ಕ ಅವನಿಗೇ ಬೇಕಂತ" ಎಂಬ ಸಣ್ಣ ಮಾತಿನ ಹಿಂದೆ ತಿಂಗಳಿಗೊಮ್ಮೆ ಬೀಳುವ ಹೊಡೆತ ಇರುತ್ತದೆ. ಕೇಳುವಾಗ ಅವಸರ ಬೇಡ. ರೊಟ್ಟಿ ಬಡಿಯುವಾಗ, ಕಳೆ ತೆಗೆಯುವಾಗ ಬರುವ ಮಾತು ಕುರ್ಚಿ ಹಾಕಿ ಕುಂತರೆ ಬರುವುದಿಲ್ಲ.

ನಮ್ಮ ಭಾಗಕ್ಕೇ ಅಂಟಿದ ಎರಡು ಹಿಂಸೆಗಳನ್ನು ಬೇರೆಯಾಗಿ ಹೇಳಬೇಕು.

ಒಂದು ಮುತ್ತು ಕಟ್ಟುವುದು, ಅಂದರೆ ಹೆಣ್ಣನ್ನು ದೇವದಾಸಿಯಾಗಿ ದೇವರಿಗೆ ಬಿಡುವುದು. 1993-94ರ ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ದೇವದಾಸಿ ಮಹಿಳೆಯರನ್ನು ಗುರುತಿಸಿದವು. ನಮ್ಮ ಮೂರೂ ಜಿಲ್ಲೆಗಳು ಅದರಲ್ಲಿವೆ. ಇವರಲ್ಲಿ ಹೆಚ್ಚಿನವರು ದಲಿತರು, ನಾಯಕರ ಹೆಣ್ಣುಮಕ್ಕಳೂ ಇದ್ದಾರೆ. ಈ ಸಮರ್ಪಣೆಯನ್ನು ರಾಜ್ಯವು 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿತು. ಪರಿಶಿಷ್ಟ ಜಾತಿ, ಪಂಗಡದ ಹೆಣ್ಣನ್ನು ದೇವರಿಗೆ ಬಿಡುವುದು 2016ರಿಂದ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. ಈಗ ಜಾತ್ರೆಯಲ್ಲಿ ಯಾರೂ ಬಹಿರಂಗವಾಗಿ ಕಟ್ಟುವುದಿಲ್ಲ. ಮನೆಯೊಳಗೆ, ರಾತ್ರಿ ಹೊತ್ತು, ನಾಲ್ಕು ಮಂದಿ ಮುಂದೆ ಮುಗಿಸುತ್ತಾರೆ. ಪದೇಪದೇ ಜ್ವರ ಬರುವ ಹುಡುಗಿ, ತಲೆಯಲ್ಲಿ ಜಟೆ ಕಂಡ ಹುಡುಗಿ, ಗಂಡುಮಕ್ಕಳಿಲ್ಲದ ಮನೆಯ ಹಿರಿಮಗಳು: ಈ ಮೂವರ ಮೇಲೆ ಕಣ್ಣಿಡಿ. ಜಟೆ ಅಂದರೆ ಎಣ್ಣೆ, ನೀರು ಕಾಣದ ಕೂದಲು. ಜಟೆ ಕತ್ತರಿಸುವ ಮೊದಲು ಆ ತಾಯಿಯ ಅಂಜಿಕೆಯನ್ನು ಕೇಳಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಜ್ವರಕ್ಕೆ ನಿಮ್ಮ ಕತ್ತರಿಯೇ ಕಾರಣ ಅನ್ನುತ್ತಾರೆ.

ಇನ್ನೊಂದು ಬಾನಾಮತಿ, ಅಂದರೆ ಮಾಟ ಮಾಡಿದಳೆಂಬ ಆರೋಪ. ಒಂಟಿ ಹೆಂಗಸು, ವಿಧವೆ, ಹೊಲದ ತಕರಾರು ಇರುವವಳು, ಇವರ ಮೇಲೇ ಆರೋಪ ಬರುವುದು. ತಕರಾರು ಯಾವುದು ಎಂದು ಹುಡುಕಿದರೆ ಎಷ್ಟೋ ಸಲ ಬದುವಿನ ಕಲ್ಲು ಸಿಗುತ್ತದೆ. ಮಾಟದ ಆರೋಪ ಹೊರಿಸಿ ಪರಿಶಿಷ್ಟ ಪಂಗಡದವರಿಗೆ ಹಿಂಸೆ ಕೊಡುವುದನ್ನು ದೌರ್ಜನ್ಯ ತಡೆ ಕಾಯ್ದೆ ಹೆಸರಿಟ್ಟೇ ಅಪರಾಧ ಎಂದಿದೆ. ವಾಮಾಚಾರದ ವಿರುದ್ಧ ರಾಜ್ಯದ 2017ರ ಕಾಯ್ದೆಯೂ ಇದೆ.

ಹೆಜ್ಜೆ 2: ಮೊದಲ ಇಪ್ಪತ್ನಾಲ್ಕು ತಾಸು

ಲೈಂಗಿಕ ದೌರ್ಜನ್ಯ ನಡೆದಿದ್ದರೆ ಮೊದಲು ಠಾಣೆಯೋ ಆಸ್ಪತ್ರೆಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಯಾವುದು ಹತ್ತಿರವೋ ಅಲ್ಲಿಗೆ. ಗಾಯ, ರಕ್ತಸ್ರಾವ ಇದ್ದರೆ ಆಸ್ಪತ್ರೆಯೇ. ಎಫ್‌ಐಆರ್ ಇಲ್ಲ ಅಂತ ಯಾವ ಆಸ್ಪತ್ರೆಯೂ, ಸರ್ಕಾರಿ ಇರಲಿ ಖಾಸಗಿ ಇರಲಿ, ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ, ಚಿಕಿತ್ಸೆ ಉಚಿತ. ಪೊಲೀಸರಿಗೆ ಸುದ್ದಿ ಮುಟ್ಟಿಸುವುದು ಆಸ್ಪತ್ರೆಯ ಕೆಲಸ. ಇದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 397ನೇ ಕಲಮು. ಈ ಅಂಕಿಯನ್ನು ಬಾಯಿಪಾಠ ಮಾಡಿಕೊಳ್ಳಿ. ಅಂಕಿ ಹೇಳಿದರೆ ಡ್ಯೂಟಿ ಡಾಕ್ಟರ ಧ್ವನಿ ಬದಲಾಗುವುದನ್ನು ನಾನು ಕಂಡಿದ್ದೇನೆ.

ಮೈ ತೊಳೆಯಬಾರದು, ಬಟ್ಟೆ ಒಗೆಯಬಾರದು ಎಂದು ಹೇಳುವುದು ಸುಲಭ. ಹೊಲಸಾಯಿತೆಂದು ಅವಳ ಮೈಯೇ ಅವಳಿಗೆ ಬೇಡವಾಗಿರುತ್ತದೆ. ಬೈಯಬೇಡಿ. ಸ್ನಾನ ಮಾಡಿಬಿಟ್ಟಿದ್ದರೂ ಕೇಸು ಸಾಯುವುದಿಲ್ಲ, ಹೋಗಿ. ತೊಟ್ಟಿದ್ದ ಬಟ್ಟೆಯನ್ನು ಹಳೇ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಸಾಕ್ಷ್ಯ ಕೆಡುತ್ತದೆ. ಬದಲಿ ಬಟ್ಟೆ ಒಯ್ಯುವುದನ್ನು ಮರೆಯಬೇಡಿ, ಯಾಕೆಂದರೆ ಮೈಮೇಲಿನದನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ನೀವು ಬಾಯಿಬಿಟ್ಟು ಕೇಳಬೇಕಾದದ್ದು: ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ, ಎಚ್‌ಐವಿ ತಡೆಯುವ ಔಷಧ (72 ತಾಸಿನೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು, 28 ದಿನ ತಪ್ಪದೆ ನುಂಗಬೇಕು), ಧನುರ್ವಾಯು ಚುಚ್ಚುಮದ್ದು. ಪರೀಕ್ಷೆಗೆ ಅವಳ ಒಪ್ಪಿಗೆ ಬೇಕು. ಯಾವುದಾದರೂ ಒಂದು ಭಾಗಕ್ಕೆ ಬೇಡ ಅನ್ನುವ ಹಕ್ಕೂ ಅವಳಿಗಿದೆ. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಪ್ಪೆಂದಿತು, 2022ರಲ್ಲಿ ಅದನ್ನು ಮಾಡುವುದು ದುರ್ನಡತೆ ಎಂದಿತು. ಯಾರಾದರೂ ಹೊರಟರೆ ಅಲ್ಲೇ ತಡೆಯಿರಿ.

"ಗಾಯ ಇಲ್ಲಲ್ಲ" ಎಂಬ ಮಾತು ಬಂದೇ ಬರುತ್ತದೆ. ಈ ಮಾತಿಗೆ ಹಳೆಯ ಕಥೆಯಿದೆ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೇ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಮೈಮೇಲೆ ಗಾಯವಿಲ್ಲ, ಕೂಗಲಿಲ್ಲ, ಹಾಗಾಗಿ ಒಪ್ಪಿದ್ದಳು ಎಂದು ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಬಿಟ್ಟಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು, ದೇಶದ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ತಿರುಗಿ ಹೊಡೆಯಲಿಲ್ಲ ಎಂಬ ಮಾತ್ರಕ್ಕೆ ಒಪ್ಪಿದಂತಲ್ಲ ಎಂದು ಇಂದಿನ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗಕ್ಕೆ ಬಂದದ್ದು) 63ನೇ ಕಲಮು ಬಿಡಿಸಿ ಹೇಳುತ್ತದೆ. ದೇಶದ ಅತ್ಯಾಚಾರ ಕಾನೂನು ತಿದ್ದಿದ್ದು ಓದುಬರಹ ಬಾರದ ಒಬ್ಬ ಆದಿವಾಸಿ ಹುಡುಗಿಯ ಕೇಸಿನಿಂದ. ಠಾಣೆಯ ಬೆಂಚಿನ ಮೇಲೆ ಕಾಯುವಾಗ ಈ ಕಥೆ ಹೇಳುತ್ತೇನೆ, ಹೊತ್ತೂ ಹೋಗುತ್ತದೆ.

ಹೆಜ್ಜೆ 3: ದೂರು ಬರೆಯುವುದು

ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾನೂ ಮೊದಲು ತಪ್ಪಿದ್ದು ಇಲ್ಲೇ. ಮೊದಮೊದಲು ಠಾಣೆಯ ರೈಟರ್ ಬರೆದುಕೊಟ್ಟದ್ದಕ್ಕೆ ಹೆಬ್ಬೆಟ್ಟು ಒತ್ತಿಸಿ ಬಂದುಬಿಡುತ್ತಿದ್ದೆ. ಒಂದು ಕೇಸಿನಲ್ಲಿ "ಬಾಯಿಮಾತಿನ ಜಗಳ" ಎಂದು ಬರೆದಿದ್ದು ಗೊತ್ತಾದದ್ದು ನಾಲ್ಕು ತಿಂಗಳ ಮೇಲೆ. ಆರೋಪಿ ಅಷ್ಟರಲ್ಲಿ ಊರಲ್ಲಿ ಬುಲೆಟ್ ಮೇಲೆ ತಿರುಗುತ್ತಿದ್ದ.

ದೂರಿನಲ್ಲಿ ಇವಳ ಕುಲ, ಅವನ ಕುಲ ಎರಡೂ ಇರಬೇಕು. 1989ರ ದೌರ್ಜನ್ಯ ತಡೆ ಕಾಯ್ದೆ, ಜನ 'ಅಟ್ರಾಸಿಟಿ' ಎನ್ನುವುದು, ನಡೆಯುವುದು ಆರೋಪಿ ಪರಿಶಿಷ್ಟ ಜಾತಿಯವನೂ ಪಂಗಡದವನೂ ಅಲ್ಲದಿದ್ದಾಗ ಮಾತ್ರ. ಜೊತೆಗೆ ಅವನಿಗೆ ಇವಳ ಕುಲ ಗೊತ್ತಿತ್ತು ಎಂಬುದೂ ಬೇಕು. ಆಂಧ್ರದ ಒಂದು ಕೇಸಿನಲ್ಲಿ ಕಣ್ಣು ಕಾಣದ ಪರಿಶಿಷ್ಟ ಜಾತಿಯ ಹೆಣ್ಣುಮಗಳ ಮೇಲಿನ ಅತ್ಯಾಚಾರ ಸಾಬೀತಾಯಿತು, ಆದರೆ ಜಾತಿಯ ಕಾರಣಕ್ಕೆ ನಡೆಯಿತೆಂಬುದು ಸಾಬೀತಾಗಲಿಲ್ಲವೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಅಟ್ರಾಸಿಟಿ ಕಲಮಿನ ಶಿಕ್ಷೆಯನ್ನು ಕೈಬಿಟ್ಟಿತು. ಅದು ಹಳೆಯ ಕಾಯ್ದೆಯ ಕಾಲದ ಘಟನೆ. 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿಯಲ್ಲಿ "ಕುಲ ಗೊತ್ತಿದ್ದೂ" ಮಾಡಿದರೆ ಸಾಕು. ಅವನಿಗೆ ಇವಳ ಅಥವಾ ಮನೆಯವರ ಪರಿಚಯವಿದ್ದರೆ ಕುಲ ಗೊತ್ತಿತ್ತು ಎಂದೇ ಕೋರ್ಟು ಭಾವಿಸಬೇಕು. ಹಾಗಾಗಿ ಆ ಪರಿಚಯದ ಎಳೆಯನ್ನು ಬರೆದಿಡಿ. ನಾನು ಬರೆಸುವ ದೂರಿನ ಧಾಟಿ ಹೀಗೆ:

"ನಾನು ಇಂಥ ಊರಿನವಳು, ವಯಸ್ಸು ಇಷ್ಟು, ನಾಯಕ ಜನಾಂಗ, ಪರಿಶಿಷ್ಟ ಪಂಗಡಕ್ಕೆ ಸೇರಿದವಳು. ಆರೋಪಿ ಇಂಥವನು, ಇಂಥ ಜಾತಿಯವನು, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವನಲ್ಲ. ನಾನು ಮತ್ತು ನನ್ನ ತಾಯಿ ಆರು ವರ್ಷದಿಂದ ಆತನ ಹೊಲದಲ್ಲಿ ನಾಟಿ ಮತ್ತು ಕಳೆ ಕೆಲಸಕ್ಕೆ ಹೋಗುತ್ತಿದ್ದು, ನಾವು ಇಂಥ ಜನಾಂಗದವರೆಂದು ಆತನಿಗೆ ಚೆನ್ನಾಗಿ ಗೊತ್ತಿದೆ. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಸ್ಥಳದಲ್ಲಿ..."

ಆಮೇಲೆ ನಡೆದದ್ದು, ನಡೆದ ಕ್ರಮದಲ್ಲೇ. ಅವನು ಆಡಿದ ಮಾತನ್ನು ಅವನ ಬಾಯಲ್ಲಿ ಬಂದಂತೆಯೇ ಬರೆಯಿರಿ. "ಅವಾಚ್ಯ ಶಬ್ದಗಳಿಂದ ನಿಂದಿಸಿ" ಎಂಬ ಪೊಲೀಸ್ ಕನ್ನಡಕ್ಕೆ ಕೋರ್ಟಿನಲ್ಲಿ ಬೆಲೆ ಕಡಿಮೆ. ಯಾವ ಶಬ್ದ ಎಂದು ಕೇಳುತ್ತಾರೆ. ಜಾತಿ ಹೆಸರು ಹಿಡಿದು ಬೈದಿದ್ದರೆ ಸುತ್ತ ಯಾರಿದ್ದರು ಎಂಬುದನ್ನೂ ಸೇರಿಸಿ, ನಾಲ್ಕು ಮಂದಿಗೆ ಕಾಣುವ ಕಡೆ ನಡೆದದ್ದಕ್ಕೇ ಆ ಕಲಮು. ನೆನಪಿಲ್ಲದ್ದನ್ನು ಊಹಿಸಿ ತುಂಬಬೇಡಿ. ವಕೀಲರು ಹಿಡಿಯುವುದು ಆ ತುಂಬಿದ ಮಾತನ್ನೇ.

ಆರೋಪಿ ಅವಳ ಜನಾಂಗದವನೇ ಆಗಿದ್ದರೆ ಅಟ್ರಾಸಿಟಿ ಬರುವುದಿಲ್ಲ, ಆದರೆ ನ್ಯಾಯ ಸಂಹಿತೆಯ ಕಲಮುಗಳು ಪೂರ್ತಿ ಬರುತ್ತವೆ: ಅತ್ಯಾಚಾರಕ್ಕೆ 64, ಮಾನಭಂಗಕ್ಕೆ 74, ಕದ್ದು ಚಿತ್ರೀಕರಣಕ್ಕೆ 77, ಹಿಂಬಾಲಿಸಿ ಕಾಡುವುದಕ್ಕೆ 78, ಗಂಡನ ಮನೆಯ ಕ್ರೌರ್ಯಕ್ಕೆ 85. ಹುಡುಗಿಗೆ 18 ತುಂಬಿಲ್ಲವೆಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆಂದೇ ಇರುವ ಪೋಕ್ಸೋ ಕಾಯ್ದೆ. ಅದರಲ್ಲಿ ಗೊತ್ತಿದ್ದೂ ಸುಮ್ಮನಿರುವುದೇ ಅಪರಾಧ, ನೀವೂ ಸೇರಿದಂತೆ. "ಅವಗ ಕೊಟ್ಟು ಮದುವಿ ಮಾಡ್ರಿ, ಮುಗೀತು" ಎಂದು ದೈವದಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು, ಆ ಮದುವೆ ಕಾನೂನಿನ ಕಣ್ಣಿಗೆ ಆಗಿಯೇ ಇಲ್ಲ ಎಂದು ಅಲ್ಲೇ ಹೇಳಿ.

ಹೆಜ್ಜೆ 4: ಠಾಣೆಯ ಒಳಗೆ

ಜಾತಿ ಪ್ರಮಾಣಪತ್ರ ತಂದರೆ ಮಾತ್ರ ಎಫ್‌ಐಆರ್ ಅನ್ನುತ್ತಾರೆ. ಹಾಗೆ ಎಲ್ಲೂ ಇಲ್ಲ. ಪ್ರಮಾಣಪತ್ರ ನಾಡಕಚೇರಿಯಿಂದ ಆಮೇಲೆ ತರಬಹುದು. "ಮೊದಲು ವಿಚಾರಣೆ ಮಾಡ್ತೀವಿ" ಅನ್ನುತ್ತಾರೆ. ಅಟ್ರಾಸಿಟಿ ಕಾಯ್ದೆಯ 18ಎ ಕಲಮಿನ ಪ್ರಕಾರ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. "ನಮ್ಮ ಹದ್ದಲ್ಲ" ಅನ್ನುತ್ತಾರೆ. ಯಾವ ಠಾಣೆಯಾದರೂ ಝೀರೋ ಎಫ್‌ಐಆರ್ ಬರೆದು ವರ್ಗಾಯಿಸಬೇಕು. ಗುಳೆ ಹೋದವರಿಗೆ ಇದು ದೊಡ್ಡ ಆಸರೆ. ಮಹಾರಾಷ್ಟ್ರದ ಕಬ್ಬಿನ ಗದ್ದೆಯಲ್ಲಿ ನಡೆದದ್ದಕ್ಕೆ ಮರಾಠಿ ಬಾರದೆ ಅಲ್ಲಿ ಒದ್ದಾಡಬೇಕಿಲ್ಲ, ಲಿಂಗಸುಗೂರಿಗೆ ಬಂದು ಕನ್ನಡದಲ್ಲಿ ಹೇಳಬಹುದು.

ಅವಳ ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆಯಬೇಕು. ಬರೆದದ್ದನ್ನು ಓದಿ ಹೇಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಆಮೇಲೆ ಸಾಕ್ಷಿ ಹೇಳಿಕೆಗೆಂದು ಹೆಂಗಸನ್ನು ಠಾಣೆಗೆ ಕರೆಸುವ ಹಾಗಿಲ್ಲ, ಅವರೇ ಮನೆಗೆ ಬರಬೇಕು. ಪ್ರತಿ ಕೈಗೆ ಬಂದ ಕೂಡಲೇ ಮೂರು ನೋಡಿ: ದಿನಾಂಕ, ಕಲಮುಗಳು, ಆರೋಪಿಯ ಹೆಸರು. ಅಟ್ರಾಸಿಟಿ ಕಲಮು ಬಿಟ್ಟಿದ್ದರೆ ಬಾಗಿಲು ದಾಟುವ ಮೊದಲೇ ಕೇಳಿ.

ದೂರು ತೆಗೆದುಕೊಳ್ಳಲೇ ಇಲ್ಲವೆಂದರೆ ಹಿಂಬರಹ ಕೇಳಿ, ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಬರೆದು ಕೊಡಲಿ. ಬರೆದು ಕೊಡಿ ಅಂದಾಗಲೇ ಅರ್ಧ ಕೆಲಸ ಆಗುತ್ತದೆ. ಆಗದಿದ್ದರೆ ಎಸ್ಪಿಗೆ ರಿಜಿಸ್ಟರ್ಡ್ ಅಂಚೆ, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಸುರಕ್ಷಾ ಸಂಹಿತೆಯ 173(4) ಅದೇ ದಾರಿ. ಅತ್ಯಾಚಾರದ ದೂರು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ರಲ್ಲಿ ಆರು ತಿಂಗಳಿಂದ ಎರಡು ವರ್ಷದ ಶಿಕ್ಷೆಯಿದೆ. ಇದನ್ನು ಬೆದರಿಕೆಯ ಹಾಗೆ ಎತ್ತಬೇಡಿ. ಅವರೊಂದಿಗೆ ಮುಂದೆ ಎರಡು ವರ್ಷ ಓಡಾಡುವುದಿದೆ. "ಸರ, ನಿಮಗ ತೊಂದರಿ ಆಗಬಾರದು ಅಂತ ಹೇಳಾಕ ಹತ್ತೀನಿ" ಎಂದು ಶುರುಮಾಡಿದರೆ ಕೆಲಸ ಬೇಗ ಆಗುತ್ತದೆ.

ಫೋನ್ ನಂಬರುಗಳು: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳದು 1098, ಪರಿಶಿಷ್ಟರ ಮೇಲಿನ ದೌರ್ಜನ್ಯಕ್ಕೆ 14566, ಉಚಿತ ಕಾನೂನು ನೆರವಿಗೆ 15100. ಪ್ರತಿ ಜಿಲ್ಲೆಗೂ ಸಖಿ ಕೇಂದ್ರವಿದೆ. ಪೊಲೀಸ್, ವೈದ್ಯ, ವಕೀಲ, ಒಂದೆರಡು ದಿನದ ಆಸರೆ ಒಂದೇ ಕಡೆ ಸಿಗಲೆಂದು ಮಾಡಿದ್ದು. ರಾತ್ರಿ ಹೊತ್ತು ಮನೆಗೆ ಹೋಗುವ ಹಾಗಿಲ್ಲವೆಂದರೆ ಅಲ್ಲಿಗೇ ಕರೆದೊಯ್ಯಿರಿ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿಲ್ಲ ಎಂಬ ಅಡ್ಡಿಯೊಂದು ತಪ್ಪಿತು, ಆಧಾರ್ ಕಾರ್ಡ್ ಜೊತೆಗಿದ್ದರೆ ಸಾಕು. ಗಂಡ ಮೊದಲು ಕಸಿಯುವುದು ಆ ಕಾರ್ಡನ್ನೇ. ಒಂದು ಜೆರಾಕ್ಸ್ ನಿಮ್ಮ ಮನೆಯಲ್ಲಿರಲಿ.

ಹೆಜ್ಜೆ 5: ಹಿಂಸೆ ಮನೆಯೊಳಗಿದ್ದರೆ

ಎಲ್ಲ ಹೆಂಗಸರಿಗೂ ಗಂಡನ ಮೇಲೆ ಕ್ರಿಮಿನಲ್ ಕೇಸು ಬೇಕಿರುವುದಿಲ್ಲ. ಬಹಳ ಮಂದಿಗೆ ಬೇಕಿರುವುದು ಹೊಡೆತ ನಿಲ್ಲುವುದು, ಮನೆಯಿಂದ ಹೊರಹಾಕದಿರುವುದು, ಮಕ್ಕಳಿಗೆ ಅನ್ನ. ಅದಕ್ಕೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯೇ ಸರಿ. ಅಂಗನವಾಡಿಗಳ ಮೇಲಿರುವ ಸಿಡಿಪಿಓ ಅವರೇ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ. ಅವರು ಹಿಂಸೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ವಕೀಲರಿಲ್ಲದೆಯೂ ನಡೆಯುತ್ತದೆ. ಮೊದಲ ಹಿಯರಿಂಗ್ ಮೂರು ದಿನದೊಳಗೆ, ತೀರ್ಮಾನ ಅರವತ್ತು ದಿನದೊಳಗೆ ಎಂದು ಕಾಯ್ದೆ ಹೇಳುತ್ತದೆ. ಅಷ್ಟು ಬೇಗ ಆದದ್ದನ್ನು ನಾನಿನ್ನೂ ಕಂಡಿಲ್ಲ, ಆದರೆ ಮಧ್ಯಂತರ ಆದೇಶ ಬೇಗ ಸಿಗುತ್ತದೆ, ಅದನ್ನೇ ಮೊದಲು ಕೇಳಿ. ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು.

ತಾಳಿ ಕಟ್ಟದೆ ಮದುವೆಯಂತೆ ಬಾಳಿದವಳಿಗೂ ಈ ಕಾಯ್ದೆ ಇದೆ. ಕಾಯ್ದೆ ಗಂಡನಿಗಷ್ಟೇ ಅಲ್ಲ. ಆಸ್ತಿಗಾಗಿ ವಿಧವೆ ಅತ್ತಿಗೆಯನ್ನು ಹೊಡೆದು ಹೊರಗಟ್ಟುವ ಮೈದುನನಿಗೂ ಅನ್ವಯಿಸುತ್ತದೆ.

ಕುಡಿತದ ಮಾತು ಇಲ್ಲೇ ಹೇಳಬೇಕು. ಸಾರಾಯಿ 2007ರಲ್ಲೇ ನಿಂತಿತು. ಆದರೆ ಕಿರಾಣಿ ಅಂಗಡಿಯಲ್ಲಿ ಸ್ಯಾಚೆ ಬರುತ್ತದೆ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರಲ್ಲ, ಅದರಲ್ಲಿ ರಾಯಚೂರಿನ ಕಡೆಯವರು ಬಹಳ. ನಿಷೇಧ ಆಗಲಿಲ್ಲ. ಆದರೆ ಊರಿನ ಅಕ್ರಮ ಮಾರಾಟದ ಮೇಲೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಅಬಕಾರಿಗೆ ಕಳಿಸುವುದನ್ನು ನಡೆದುಬಂದವರು ಕಲಿತರು. ಒಂದು ಅಂಗಡಿ ಮುಚ್ಚಿದರೆ ಎಷ್ಟು ಮನೆಯಲ್ಲಿ ರಾತ್ರಿ ಸದ್ದು ಕಡಿಮೆಯಾಗುತ್ತದೆ ಎಂಬುದನ್ನು ಓಣಿಯವರನ್ನೇ ಕೇಳಿ.

ಹೆಜ್ಜೆ 6: ರಾಜಿಯ ಒತ್ತಡ, ಕೌಂಟರ್ ಕೇಸು, ಪರಿಹಾರ

ಎಫ್‌ಐಆರ್ ಆದ ಮರುದಿನ ಎರಡು ನಡೆಯುತ್ತವೆ. ಆ ಕಡೆಯಿಂದ ಇವಳ ಅಣ್ಣತಮ್ಮಂದಿರ ಮೇಲೆ ಕೌಂಟರ್ ಕೇಸು ಬೀಳುತ್ತದೆ, ಈ ಕಡೆ ಹಿರಿಯರು ರಾಜಿಗೆ ಬರುತ್ತಾರೆ. ಎರಡಕ್ಕೂ ಮೊದಲೇ ಮನೆಯವರನ್ನು ಸಜ್ಜು ಮಾಡಿಡಿ. ಅಟ್ರಾಸಿಟಿ ಮತ್ತು ಅತ್ಯಾಚಾರದ ಕೇಸುಗಳು ಕಟ್ಟೆಯ ಮೇಲೆ ಕುಂತು ಮುಗಿಸುವಂಥವಲ್ಲ. ಕೂಲಿಗೆ ಕರೆಯುವುದಿಲ್ಲ, ಕಿರಾಣಿ ಕೊಡುವುದಿಲ್ಲ, ನೀರು ಬಿಡುವುದಿಲ್ಲ ಎಂದು ಶುರುವಾದರೆ ಅದು ಸಾಮಾಜಿಕ ಬಹಿಷ್ಕಾರ, ಅದೇ ಕಾಯ್ದೆಯಲ್ಲಿ ಇನ್ನೊಂದು ಅಪರಾಧ. ಹೊಸ ದೂರು ಕೊಡಿ.

ಅವಳ ಹೆಸರು, ಫೋಟೋ, ಊರಿನ ಗುರುತು ವಾಟ್ಸಪ್ ಗುಂಪಿನಲ್ಲಿ ತಿರುಗದಂತೆ ನೋಡಿಕೊಳ್ಳಿ. ಅತ್ಯಾಚಾರದ ಕೇಸಿನಲ್ಲಿ ಅದೇ ಒಂದು ಅಪರಾಧ. ಎಷ್ಟೋ ಸಲ ಹಾಕುವವರು ನ್ಯಾಯ ಸಿಗಲೆಂದು ಹೋರಾಡುವ ನಮ್ಮ ಹುಡುಗರೇ.

ಅಟ್ರಾಸಿಟಿ ಕೇಸಿನ ತನಿಖೆ ಡಿವೈಎಸ್‌ಪಿ ದರ್ಜೆಯವರೇ ಮಾಡಬೇಕು, ಅರವತ್ತು ದಿನದಲ್ಲಿ ಮುಗಿಸಬೇಕು. ಆರೋಪಿಗೆ ನಿರೀಕ್ಷಣಾ ಜಾಮೀನಿಲ್ಲ. ಜಾಮೀನು ಅರ್ಜಿ ಬಂದರೆ 15ಎ ಕಲಮಿನಂತೆ ಇವಳಿಗೆ ನೋಟಿಸು ಬರಬೇಕು, ಇವಳ ಮಾತನ್ನೂ ಕೋರ್ಟು ಕೇಳಬೇಕು. ಪರಿಹಾರ ಕೇಳಲು ನಾಚಿಕೆ ಬೇಡ. "ರೊಕ್ಕಕ್ಕಾಗಿ ಕೇಸು" ಎಂಬ ಮಾತಿಗೆ ಅಂಜಿ ಬಿಟ್ಟವರನ್ನು ಬಹಳ ಕಂಡಿದ್ದೇನೆ. ಕೇಂದ್ರದ 2016ರ ನಿಯಮದಂತೆ ಅತ್ಯಾಚಾರಕ್ಕೆ 5 ಲಕ್ಷ. ಅದರ ಅರ್ಧ ವೈದ್ಯಕೀಯ ವರದಿ ದೃಢವಾದ ಮೇಲೆ, ಕಾಲುಭಾಗ ಚಾರ್ಜ್‌ಶೀಟ್ ಹೋದಾಗ, ಉಳಿದದ್ದು ವಿಚಾರಣೆ ಮುಗಿದಾಗ. ಲೈಂಗಿಕ ಕಿರುಕುಳಕ್ಕೆ 2 ಲಕ್ಷ, ಮೊದಲ ಕಾಲುಭಾಗ ಎಫ್‌ಐಆರ್ ಆದಾಗಲೇ. ಕೋರ್ಟಿಗೆ ಬರುವ ದಿನದ ಬಸ್ ಖರ್ಚು, ಕೂಲಿ ನಷ್ಟ ಇವಕ್ಕೂ ನಿಯಮವಿದೆ. ಹಣ ಬರದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೆ ಬರೆಯಿರಿ. ಮೂರು ತಿಂಗಳಿಗೊಮ್ಮೆ ಅದು ಸೇರಲೇಬೇಕು. ಕೊನೆಯ ಸಭೆ ಯಾವಾಗ ಆಯಿತು ಎಂಬ ಒಂದು ಸಾಲಿನ ಮಾಹಿತಿ ಹಕ್ಕು ಅರ್ಜಿ ಬಹಳ ಕೆಲಸ ಮಾಡುತ್ತದೆ.

ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ಫೀ ಇಲ್ಲ. ಹೆಣ್ಣಾಗಿರುವುದಕ್ಕೂ ಪರಿಶಿಷ್ಟರಾಗಿರುವುದಕ್ಕೂ, ಎರಡು ಕಾರಣಕ್ಕೂ ಅವಳು ಅರ್ಹಳು, ಆದಾಯ ಕೇಳುವ ಹಾಗಿಲ್ಲ.

ವರ್ಷಗಳು ಹಿಡಿಯುತ್ತವೆ ಎಂಬುದನ್ನು ಮುಚ್ಚಿಡಬೇಡಿ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ದಾಳಿಯಾದದ್ದು 2014ರ ಆಗಸ್ಟಿನಲ್ಲಿ. ಕೊಪ್ಪಳದ ನ್ಯಾಯಾಲಯ 101 ಮಂದಿಯನ್ನು ಅಪರಾಧಿಗಳೆಂದು ಹೇಳಿ, 98 ಮಂದಿಗೆ ಜೀವಾವಧಿ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ. ಅಷ್ಟು ವರ್ಷ ಸಾಕ್ಷಿಗಳು ಅದೇ ಊರಲ್ಲಿ ಬದುಕಿದರು. ಅಲ್ಲಿಂದ ಮೇಲಿನ ಕೋರ್ಟು: ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ.

ಹೆಜ್ಜೆ 7: ನಡೆಯುವ ಮೊದಲೇ

ತಡೆಯುವ ಕೆಲಸಕ್ಕೆ ಕ್ಯಾಲೆಂಡರ್ ಇಟ್ಟುಕೊಳ್ಳಿ. ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿ ಶುರು, ಬೆಳಗಿನ ಕತ್ತಲಲ್ಲಿ ಟಂಟಂ ತುಂಬಾ ಹೆಂಗಸರು. ಯಾವ ಗಾಡಿ, ಯಾವ ಕ್ಯಾಂಪಿನ ಹೊಲ, ಮೇಸ್ತ್ರಿ ಯಾರು, ಎಷ್ಟು ಮಂದಿ ಹೋದರು, ಎಷ್ಟು ಮಂದಿ ಬಂದರು. ಗುಂಪಿನಲ್ಲಿ ಓದು ಬಲ್ಲ ಒಬ್ಬ ಹುಡುಗಿ ಫೋನಿನಲ್ಲಿ ಬರೆದಿಟ್ಟರೆ ಸಾಕು. ಗಾಡಿ ನಂಬರು ಬರೆಯುತ್ತಾರೆ ಎಂದು ಗೊತ್ತಾದ ಮೇಲೆ ಒಬ್ಬಳನ್ನೇ "ನೀನು ಕೊನೀಗೆ ಇಳಿ" ಅನ್ನುವುದು ನಮ್ಮ ಒಂದು ಓಣಿಯಲ್ಲಿ ನಿಂತಿತು. ಕೂಲಿಯನ್ನು ಗುಂಪಾಗಿ, ಹೊಲದಲ್ಲೇ ಎಣಿಸಿಕೊಳ್ಳಬೇಕು. ಕೂಲಿ ಕೇಳಲು ಯಾರೂ ಒಬ್ಬಳೇ ಮಾಲೀಕನ ಮನೆಗೆ ಹೋಗುವುದು ಬೇಡ.

ಹತ್ತಕ್ಕಿಂತ ಕಡಿಮೆ ಮಂದಿ ದುಡಿಯುವ ಕಡೆ, ಹೊಲವಿರಲಿ ಮನೆಗೆಲಸವಿರಲಿ, ಕಿರುಕುಳದ ದೂರಿಗೆ 2013ರ ಕಾಯ್ದೆಯಂತೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯಿದೆ. ಮೂರು ತಿಂಗಳೊಳಗೆ ಕೊಡಬೇಕು. ಬಳಸುವವರು ಕಡಿಮೆ, ಬಳಸಿ ನೋಡಿ.

ಬೇಸಿಗೆ ಮದುವೆಯ ಕಾಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರ ಹುಡುಗಿಯರ ಮನೆಗೆ ಸುಮ್ಮನೆ ಒಂದು ಸುತ್ತು ಹೋಗಿ ಬನ್ನಿ, ಹೊಸ ಸೀರೆ, ಹೊಸ ನೆಂಟರು ಕಣ್ಣಿಗೆ ಬೀಳುತ್ತಾರೆ. ಫೇಲಾದ ಹುಡುಗಿಯ ಮನೆಗೆ ಮೊದಲು ಹೋಗಿ. ಅವಳನ್ನು ಮತ್ತೆ ಪರೀಕ್ಷೆಗೆ ಕೂರಿಸುವುದು ಮದುವೆ ನಿಲ್ಲಿಸುವುದಕ್ಕಿಂತ ಸುಲಭ. ಜಾತ್ರೆಗಳ ಹುಣ್ಣಿಮೆಗಳಲ್ಲಿ ಮುತ್ತಿನ ಸುದ್ದಿಗೆ ಕಿವಿಗೊಡಿ. ಮಹಿಳಾ ಗ್ರಾಮಸಭೆಯಲ್ಲಿ ಬೀದಿದೀಪವನ್ನು ಕೇಳುವಾಗ "ಬಯಲಕಡೆ ಹೋಗುವ ದಾರಿಯ ಇಂಥ ಕಂಬ" ಎಂದು ಕಂಬ ಹೇಳಿ ಕೇಳಿ. ಬರೀ ದೀಪ ಹಾಕಿ ಅಂದರೆ ಅದು ಅಧ್ಯಕ್ಷರ ಮನೆ ಮುಂದೆ ಬೆಳಗುತ್ತದೆ.

ದಸರಾ ಹಿಂದೆಮುಂದೆ ಕಬ್ಬಿನ ಗ್ಯಾಂಗು ಹೊರಡುತ್ತದೆ. ಮುಂಗಡ ಎಷ್ಟು, ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮ್ ಯಾರು, ಯಾವ ಕಾರ್ಖಾನೆಯ ಹದ್ದು, ಜೊತೆಗೆ ಹೋಗುವ ಹುಡುಗಿಯರ ವಯಸ್ಸೆಷ್ಟು ಎಂದು ಪಂಚಾಯಿತಿಯಲ್ಲಿ ಬರೆಸಿ. ಓದುವ ಹುಡುಗಿಯನ್ನು ಹಾಸ್ಟೆಲಿಗೆ ಸೇರಿಸಿಯೇ ಗಾಡಿ ಹೊರಡಲಿ. ಗುಳೆ ಹೋಗುವವರ ತಗಡಿನ ಟ್ರಂಕಿನ ಮುಚ್ಚಳದ ಒಳಗೆ ನಾನು ಪೇಂಟಿನಲ್ಲಿ 112, 181 ಮತ್ತು ನಮ್ಮ ಸಂಘದ ನಂಬರು ಬರೆದುಕೊಡುತ್ತೇನೆ. ಕಾಗದ ಕಳೆಯುತ್ತದೆ, ಫೋನು ಗಂಡನ ಕೈಯಲ್ಲಿರುತ್ತದೆ, ಟ್ರಂಕು ಅವಳದು. ಹೋದ ಸಲ ಒಬ್ಬಾಕಿ ಪೇಂಟಿನ ಡಬ್ಬಿ ಹಿಡಿದುಕೊಂಡು ನನ್ನ ಕೈಬರಹ ನೋಡುತ್ತಾ, "ಯಕ್ಕಾ, ಅಂಕಿ ಇನ್ನೊಂಚೂರು ದೊಡ್ಡದು ಬರಿ, ಕತ್ತಲದಾಗ ಕಾಣಬೇಕು" ಅಂದಳು. ಆವತ್ತಿನಿಂದ ದೊಡ್ಡದಾಗಿ, ಬಿಳಿ ಪೇಂಟಿನಲ್ಲಿ ಬರೆಯುತ್ತಿದ್ದೇನೆ.